ರಿಪೋರ್ಟಿನಲ್ಲಿ ನಾರ್ಮಲ್ ಅಂತಿತ್ತು, ನನಗೆ ಅದು ನಾರ್ಮಲ್ ಆಗಿರಲಿಲ್ಲ

ಹೋದ ವರ್ಷ ಫೆಬ್ರವರಿಯಲ್ಲಿ, ಅಂದರೆ 2025ರಲ್ಲಿ, ನನಗೆ ಹೃದಯಾಘಾತ ಆಯಿತು. ಆಗ ನನಗೆ 53 ವರ್ಷ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಸ್ಟೆಂಟ್ ಹಾಕಿಸಿಕೊಂಡು ಐದನೇ ದಿನ ಮನೆಗೆ ಬಂದಾಗ ಎಲ್ಲರೂ ಗಂಡಾಂತರ ಕಳೆಯಿತು ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾದ ಓಡಾಟ ಶುರುವಾದದ್ದು ಆಮೇಲೆ. ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ರಿಪೋರ್ಟಿನಲ್ಲಿ ಎಲ್‌ಡಿಎಲ್ ಅಂತ ಬರೆದಿರುತ್ತದೆ, ಅದನ್ನು ಡಾಕ್ಟರು ಹೇಳಿದ ಮಟ್ಟಕ್ಕೆ ಇಳಿಸಲು ನನಗೆ ಹತ್ತು ತಿಂಗಳು ಹಿಡಿಯಿತು. ಮೊನ್ನೆ ಡಿಸೆಂಬರ್‌ನಲ್ಲಿ ಕೊನೆಗೂ ಆ ಅಂಕಿ ಸಿಕ್ಕಿತು. ನಡುವೆ ಎಲ್ಲೆಲ್ಲಿ ಎಡವಿದೆ, ಎಲ್ಲಿ ಯಾರೂ ಹೇಳದೆ ಗೊಂದಲವಾಯಿತು ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಸ್ಟೆಂಟ್ ಹಾಕಿದ್ದರೆ ಓದಿ.

ಆ ದಿನದ ವಿಷಯ ಮೊದಲು ಹೇಳಿಬಿಡುತ್ತೇನೆ. ಮದುವೆ ಸೀಸನ್. ಹಿಂದಿನ ರಾತ್ರಿ ಹನ್ನೊಂದರವರೆಗೂ ಮೆಷಿನ್ ಮುಂದೆ ಕೂತಿದ್ದೆ. ಬೆಳಗ್ಗೆ ಐದಕ್ಕೆ ಎಚ್ಚರವಾದಾಗ ಎಡ ಭುಜ, ಬೆನ್ನು, ದವಡೆ ಎಲ್ಲಾ ಹಿಡಿದುಕೊಂಡಂತಿತ್ತು. ಹೊಲಿದು ಹೊಲಿದು ಹೀಗಾಗಿದೆ ಅಂದುಕೊಂಡೆ. ಎದೆ ನೋವು ಅಂತ ದೊಡ್ಡದಾಗಿ ಏನೂ ಇರಲಿಲ್ಲ. ಬೆವರು ಮಾತ್ರ ಧಾರಾಕಾರ. ಗ್ಯಾಸ್ಟ್ರಿಕ್ ಇರಬೇಕು ಅಂತ ನಮ್ಮನೆಯವರು ಮಾತ್ರೆ ಕೊಟ್ಟರು. ಹೀಗೆ ಮೂರು ಗಂಟೆ ಹೋಯಿತು. ಎಂಟು ಗಂಟೆಗೆ ಮಗ ನನ್ನ ಮುಖ ನೋಡಿ, "ಅಮ್ಮ, ಸುಮ್ನೆ ಎದ್ದು ನಡಿ" ಅಂತ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದ. ಹೆಂಗಸರಿಗೆ ಎದೆ ನೋವೇ ಜಾಸ್ತಿ ಕಾಣಿಸಿಕೊಳ್ಳದೆ ದವಡೆ, ಬೆನ್ನು, ಬೆವರು, ಸುಸ್ತು ಹೀಗೂ ಬರಬಹುದಂತೆ. ಇದು ನನಗೆ ಗೊತ್ತಿರಲಿಲ್ಲ.

ಅಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಇಂಜೆಕ್ಷನ್ ಉಚಿತ. ಆಮೇಲೆ ಆಂಬ್ಯುಲೆನ್ಸ್‌ನಲ್ಲಿ ಮೈಸೂರು. ಮಾರನೇ ದಿನ ಆಂಜಿಯೋಗ್ರಾಂ ಮಾಡಿ, ಮುಂಭಾಗದ ದೊಡ್ಡ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿದರು.

ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸ್ಟೆಂಟ್ ಖರ್ಚು ಬರುತ್ತದೆ ಅಂತ ಗೊತ್ತಿತ್ತು. ಆದರೆ ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಕೊನೆಗೆ 'ಅಮ್ಮ' ಇದೆ, ಆಧಾರ್‌ನಲ್ಲಿ ಇಲ್ಲ. ಅದೊಂದಕ್ಕೆ ಮಗ ಎರಡು ದಿನ ಕೌಂಟರಿಂದ ಕೌಂಟರಿಗೆ ಓಡಾಡಿದ. ಕೊನೆಗೆ ಇಬ್ಬರೂ ಒಬ್ಬಳೇ ಅಂತ ಬರೆದುಕೊಟ್ಟು ಸರಿಯಾಯಿತು. ನಿಮ್ಮ ಮನೆಯ ಕಾರ್ಡು ಮತ್ತು ಆಧಾರ್ ಎರಡರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ತೆಗೆದು ನೋಡಿ. ಐಸಿಯು ಬಾಗಿಲಲ್ಲಿ ನಿಂತು ಈ ಕೆಲಸ ಮಾಡುವುದು ಯಾರಿಗೂ ಬೇಡ.

ಈಗ ಕೊಲೆಸ್ಟ್ರಾಲ್ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ಮೂರನೇ ದಿನ ರಕ್ತ ತೆಗೆದು ನೋಡಿದಾಗ ನನ್ನ ಎಲ್‌ಡಿಎಲ್ 102 ಇತ್ತು. ಅಂಥಾ ಹೆಚ್ಚೇನೂ ಇಲ್ಲವಲ್ಲ, ಮತ್ತೆ ಯಾಕೆ ಹೀಗಾಯಿತು ಅಂತ ಕೇಳಿದೆ. ಡಾಕ್ಟರು ಹಳೇ ರಿಪೋರ್ಟ್ ಏನಾದರೂ ಇದೆಯಾ ಅಂದರು. ಎರಡು ವರ್ಷದ ಹಿಂದೆ ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ತಪಾಸಣಾ ಶಿಬಿರ ನಡೆದಿತ್ತು. ಅಲ್ಲಿ ಕೊಟ್ಟ ಕಾಗದ ಬೀರುವಿನಲ್ಲಿ ಸೀರೆ ಕೆಳಗೆ ಇತ್ತು. ಮಗ ಫೋಟೋ ತರಿಸಿದ. ಅದರಲ್ಲಿ 151. ಹೃದಯಾಘಾತ ಆಗಿ ಒಂದು ದಿನ ಕಳೆದ ಮೇಲೆ ರಕ್ತದಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಇಳಿದು ಕಾಣಿಸುತ್ತದಂತೆ. ಮೊದಲ 24 ಗಂಟೆಯಲ್ಲಿ ತೆಗೆದ ರಕ್ತ ಅಥವಾ ಹಳೇ ರಿಪೋರ್ಟ್ ಇದ್ದರೆ ಮಾತ್ರ ನಿಜವಾದ ಮಟ್ಟ ಗೊತ್ತಾಗುತ್ತದೆ ಅಂದರು. ಆ ಶಿಬಿರದ ಕಾಗದವನ್ನು ಅವತ್ತು ಯಾರಿಗೂ ತೋರಿಸದೆ ಇಟ್ಟುಬಿಟ್ಟಿದ್ದೆ. ಅಣ್ಣ 47ಕ್ಕೇ ಹೃದಯಾಘಾತದಿಂದ ಹೋಗಿದ್ದ. ಆದರೂ ತೋರಿಸಿರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಡಿಸ್ಚಾರ್ಜ್ ಆಗುವಾಗ ಏಳು ಥರದ ಮಾತ್ರೆ ಬರೆದುಕೊಟ್ಟರು. ರಕ್ತ ಹೆಪ್ಪುಗಟ್ಟದಿರಲು ಎರಡು, ಬಿಪಿ ಮತ್ತು ಹೃದಯದ ಬಡಿತಕ್ಕೆ, ಹೊಟ್ಟೆಗೆ, ಹೀಗೆ. ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ಅನ್ನುವ ಬಗೆಯ ಮಾತ್ರೆ, ಅಟೋರ್ವಾಸ್ಟಾಟಿನ್ 80, ದಿನಕ್ಕೊಂದು. ಚೀಟಿಯೆಲ್ಲಾ ಇಂಗ್ಲಿಷಿನಲ್ಲಿ. ನಾನು ಅಲ್ಲಿದ್ದ ನರ್ಸಮ್ಮನನ್ನು ಕೂರಿಸಿಕೊಂಡು ಯಾವುದು ಏತಕ್ಕೆ, ಯಾವ ಹೊತ್ತಿಗೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ನನ್ನನ್ನು ತುಂಬಾ ಸಲ ಕಾಪಾಡಿದೆ. ಆರು ವಾರ ಬಿಟ್ಟು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂದರು. ಎಷ್ಟಕ್ಕೆ ಇಳಿಯಬೇಕು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಗೆ ಹೋಗುವ ಆತುರದಲ್ಲಿ ನಾನಿದ್ದೆ, ಮುಂದಿನ ಪೇಷಂಟ್ ಆತುರದಲ್ಲಿ ಅವರಿದ್ದರು.

ಸ್ಟೆಂಟ್‌ಗೆ ಕಾರ್ಡ್ ನಡೆಯಿತು. ಆಮೇಲಿನ ತಿಂಗಳ ಮಾತ್ರೆಗೆ ನಡೆಯಲಿಲ್ಲ. ಮೊದಲ ತಿಂಗಳ ಬಿಲ್ಲು 2,140 ರೂಪಾಯಿ ಆಯಿತು. ಒಂದು ಬ್ಲೌಸಿಗೆ ನನಗೆ ಸಿಗುವುದು 250. ಎರಡನೇ ತಿಂಗಳಿಂದ ಜನೌಷಧಿ ಅಂಗಡಿಗೆ ಹೋಗತೊಡಗಿದೆ. ಅಲ್ಲಿ ಎಲ್ಲವೂ ಎಲ್ಲ ಸಲ ಸಿಗಲಿಲ್ಲ, ಆದರೂ ಬಿಲ್ಲು ಅರ್ಧಕ್ಕಿಂತ ಕಡಿಮೆಯಾಯಿತು. ಕಂಪನಿ ಹೆಸರು ಬೇರೆ ಇರುತ್ತದೆ, ಔಷಧಿಯ ಹೆಸರು ಮತ್ತು ಅಂಕಿ ಒಂದೇ ಇದ್ದರೆ ತೊಂದರೆಯಿಲ್ಲ ಅಂತ ಡಾಕ್ಟರನ್ನೇ ಕೇಳಿ ಖಾತ್ರಿ ಮಾಡಿಕೊಂಡೆ.

ಏಪ್ರಿಲ್ ಮೊದಲ ವಾರ ಆರು ವಾರದ ಪರೀಕ್ಷೆ. ಖಾಲಿ ಹೊಟ್ಟೆಯಲ್ಲೇ ಕೊಡಬೇಕು ಅಂದುಕೊಂಡು ಬೆಳಗಿನ ಬಸ್ಸಿಗೆ ಹೊರಟೆ. ಲ್ಯಾಬಿನಲ್ಲಿ ಸರದಿ ಬರುವಷ್ಟರಲ್ಲಿ ಹನ್ನೊಂದೂವರೆ. ತಲೆ ತಿರುಗಿ ಬೆಂಚಿನ ಮೇಲೆ ಕೂತೆ. ಸಾಮಾನ್ಯವಾಗಿ ಇದಕ್ಕೆ ಉಪವಾಸ ಬೇಕಿಲ್ಲ, ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು, 400 ದಾಟಿದವರಿಗೆ ಮಾತ್ರ ಮತ್ತೆ ಖಾಲಿ ಹೊಟ್ಟೆಯಲ್ಲಿ ನೋಡುತ್ತೇವೆ ಅಂತ ಆಮೇಲೆ ಡಾಕ್ಟರು ಹೇಳಿದರು. ಸಕ್ಕರೆ ಪರೀಕ್ಷೆಯೂ ಜೊತೆಗಿದ್ದರೆ ಬೇರೆ ಮಾತು. ಮೊದಲೇ ಕೇಳಿಕೊಂಡು ಹೋಗಿ.

ಸಂಜೆ ರಿಪೋರ್ಟ್ ಬಂತು. ಒಟ್ಟು ಕೊಲೆಸ್ಟ್ರಾಲ್ 162. ಒಳ್ಳೇ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್, 36. ಟ್ರೈಗ್ಲಿಸರೈಡ್ 290. ಎಲ್‌ಡಿಎಲ್ 68. ಪಕ್ಕದಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ ಅಂತ ಅಚ್ಚಾಗಿತ್ತು. 151 ಇದ್ದದ್ದು 68! ಬಸ್ ಸ್ಟ್ಯಾಂಡಿನಿಂದಲೇ ನಾದಿನಿಗೆ ಫೋನ್ ಮಾಡಿ, ಎಲ್ಲಾ ನಾರ್ಮಲ್ ಬಂತು ಅಂದೆ. ಅವಳು ಮಂಜುನಾಥ ಸ್ವಾಮಿಗೆ ಹರಕೆ ಹೊತ್ತಿದ್ದಳು. ಫೋನಿನಲ್ಲೇ ಇಬ್ಬರೂ ಅತ್ತೆವು.

ಮಾರನೇ ದಿನ ಡಾಕ್ಟರು ಕಾಗದ ನೋಡಿ, "ಅಮ್ಮಾ, ಚೆನ್ನಾಗಿ ಇಳಿದಿದೆ. ಆದರೆ ಇನ್ನೂ ಸಾಲದು" ಅಂದರು. ನನಗೆ ಅರ್ಥವಾಗಲಿಲ್ಲ. ನಾರ್ಮಲ್ ಅಂತ ಇದೆಯಲ್ಲ ಸಾರ್ ಅಂದೆ. ಆಗ ಅವರು ಪೆನ್ನು ತೆಗೆದು ಆ 100ರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 55 ಅಂತ ಬರೆದರು. ಈ ಲೇಖನದಲ್ಲಿ ನೀವು ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಲ್ಯಾಬಿನವರು ಅಚ್ಚು ಹಾಕಿರುವ ಮಿತಿ ಏನೂ ಕಾಯಿಲೆ ಇಲ್ಲದವರದು. ಒಮ್ಮೆ ಹೃದಯಾಘಾತ ಆದವರಿಗೆ ಬೇರೆಯೇ ಗುರಿ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಎಂಬ ನಮ್ಮ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ನನ್ನಂಥವರ ಎಲ್‌ಡಿಎಲ್ 55ಕ್ಕಿಂತ ಕೆಳಗಿರಬೇಕು ಅಂತಿದೆ. ಯುರೋಪಿನ ವೈದ್ಯರು 2019ರಲ್ಲೇ ಇದೇ 55 ಹೇಳಿದ್ದರು. ಜೊತೆಗೆ ಮೊದಲಿದ್ದದ್ದಕ್ಕಿಂತ ಅರ್ಧಕ್ಕಾದರೂ ಇಳಿದಿರಬೇಕು. ಎರಡು ವರ್ಷದೊಳಗೆ ಎರಡನೇ ಸಲ ಆದವರಿಗೆ 40ಕ್ಕಿಂತ ಕೆಳಗೆ ಅಂತ ಆ ಯುರೋಪಿನ ಮಾರ್ಗಸೂಚಿ ಹೇಳುತ್ತದೆ.

ಅವರು ಇನ್ನೊಂದು ಲೆಕ್ಕವನ್ನೂ ಹೇಳಿಕೊಟ್ಟರು. ಎಲ್‌ಡಿಎಲ್ ಅನ್ನು ಬಹಳಷ್ಟು ಲ್ಯಾಬುಗಳಲ್ಲಿ ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯುತ್ತಾರೆ. ನನ್ನದು 162ರಲ್ಲಿ 36 ಹೋಗಿ 126, ಅದರಲ್ಲಿ 58 ಹೋಗಿ 68. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಈ ಲೆಕ್ಕದಲ್ಲಿ ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅದಕ್ಕೇ ನಡುವಿನ ಆ 126 ಅನ್ನೂ ನೋಡಬೇಕಂತೆ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದರೆ ಉಳಿಯುವುದು ಅದು. ನಮ್ಮಂಥವರಿಗೆ ಅದು 85ಕ್ಕಿಂತ ಕೆಳಗಿರಬೇಕು. ನನ್ನದು ಅದರ ಹತ್ತಿರಕ್ಕೂ ಇರಲಿಲ್ಲ. ಮನೆಯಲ್ಲೇ ಕೂತು ಮಾಡುವ ಲೆಕ್ಕ ಇದು. ನಿಮ್ಮ ರಿಪೋರ್ಟ್ ತೆಗೆದುಕೊಂಡು ಈಗಲೇ ಮಾಡಿ ನೋಡಬಹುದು.

ಮಾತ್ರೆಯನ್ನೇ ಜಾಸ್ತಿ ಮಾಡಿಬಿಡಿ ಅಂದೆ. ಅದು ಆಗಲೇ ಗರಿಷ್ಠ ಡೋಸ್ ಅಂದರು. ಸ್ಟಾಟಿನ್ ಮಾತ್ರೆಯನ್ನು ಎರಡರಷ್ಟು ಮಾಡಿದರೆ ಎಲ್‌ಡಿಎಲ್ ಮತ್ತೆ ಇಳಿಯುವುದು ಶೇ 6ರಷ್ಟೇ. ಅದರ ಬದಲು ಬೇರೆ ದಾರಿಯಲ್ಲಿ ಕೆಲಸ ಮಾಡುವ ಎಜೆಟಿಮೈಬ್ 10 ಸೇರಿಸಿದರು. ಸ್ಟಾಟಿನ್ ಲಿವರಿನಲ್ಲಿ ಕೊಲೆಸ್ಟ್ರಾಲ್ ತಯಾರಾಗುವುದನ್ನು ತಗ್ಗಿಸುತ್ತದೆ, ಇದು ಕರುಳಿನಲ್ಲಿ ಹೀರಿಕೊಳ್ಳುವುದನ್ನು ತಡೆಯುತ್ತದೆ. ಇದರಿಂದ ಇನ್ನೂ ಶೇ 20ರ ಆಸುಪಾಸು ಇಳಿಯಬಹುದು ಅಂದರು.

ಊಟದ ವಿಷಯ ಹೇಳಲೇಬೇಕು. ನಮ್ಮದು ತೆಂಗಿನ ಸೀಮೆ. ಬೆಳಗ್ಗೆ ಚಟ್ನಿಗೆ ಕಾಯಿ, ಮಧ್ಯಾಹ್ನ ಸಾರಿಗೆ ಕಾಯಿ, ಹಬ್ಬ ಬಂದರೆ ಕೊಬ್ಬರಿ ಮಿಠಾಯಿ. ಏಪ್ರಿಲ್‌ನಿಂದ ಕಾಯಿ ಕಡಿಮೆ ಮಾಡಿದೆ, ಚಟ್ನಿಯನ್ನು ಹುರಿಗಡಲೆಯಲ್ಲೇ ಮಾಡತೊಡಗಿದೆ. ಕರಿದದ್ದು, ಬೇಕರಿ ತಿಂಡಿ ಪೂರ್ತಿ ಬಿಟ್ಟೆ. ಮುದ್ದೆ, ಸೊಪ್ಪು, ಕಾಳು ಮುಂದುವರಿಸಿದೆ. ದಿನಾ ಸಂಜೆ ಕೆರೆ ಏರಿ ಮೇಲೆ ಅರ್ಧ ಗಂಟೆ ನಡಿಗೆ. ಇದೆಲ್ಲಾ ಮಾಡಿದ ಮೇಲೆ ಮಾತ್ರೆ ಯಾಕೆ ಅನ್ನುವ ಯೋಚನೆ ಮೆಲ್ಲಗೆ ಒಳಗೆ ಬಂತು. ಮೈಯಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ನಮ್ಮ ದೇಹವೇ ಮಾಡಿಕೊಳ್ಳುವಂಥದ್ದು, ಪಥ್ಯದಿಂದ ಇಳಿಯುವುದು ಸ್ವಲ್ಪ ಮಾತ್ರ ಅಂತ ನನಗೆ ಆಗ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ತೊಡೆ, ಮೀನಖಂಡ, ತೋಳು ಎಲ್ಲಾ ನೋಯತೊಡಗಿದವು. ಮೆಟ್ಟಿಲು ಹತ್ತುವಾಗ ಕಾಲು ಕಲ್ಲಿನಂತಾಗುತ್ತಿತ್ತು. ಸುಸ್ತು ಬೇರೆ. ಅಂಗಡಿಗೆ ಬಂದ ಒಬ್ಬರು, ಕೊಲೆಸ್ಟ್ರಾಲ್ ಮಾತ್ರೆ ಮೂಳೆ ತಿನ್ನುತ್ತದೆ, ಲಿವರ್ ಹಾಳು ಮಾಡುತ್ತದೆ ಅಂದರು. ಫೋನಿಗೆ ಅದೇ ಥರದ ವಿಡಿಯೋಗಳು ಬರತೊಡಗಿದವು. ಇನ್ನೊಬ್ಬರು ಬೆಳ್ಳುಳ್ಳಿ, ಶುಂಠಿ, ನಿಂಬೆರಸದ ಕಷಾಯ ಹೇಳಿಕೊಟ್ಟರು, ರಕ್ತನಾಳ ತೊಳೆದುಹೋಗುತ್ತದೆ ಅಂತ. ಮೇ ಕೊನೆಯಲ್ಲಿ ನಾನು ಕೊಲೆಸ್ಟ್ರಾಲ್‌ನ ಎರಡೂ ಮಾತ್ರೆ ನಿಲ್ಲಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೇರೆ ಮಾತ್ರೆ ಬಿಡಲಿಲ್ಲ, ಅಷ್ಟು ಬುದ್ಧಿ ಇತ್ತು. ನೋವು ಸ್ವಲ್ಪ ಕಡಿಮೆ ಆದ ಹಾಗೆ ಅನ್ನಿಸಿತು. ಆದರೆ ಪೂರ್ತಿ ಹೋಗಲಿಲ್ಲ. ಅದನ್ನು ಆಗಲೇ ಗಮನಿಸಬೇಕಿತ್ತು.

ಅಷ್ಟರಲ್ಲಿ ಜೂನ್ ಕೊನೆ, ಜುಲೈ ಮೊದಲು ಬಂತು. ನಿಮಗೆ ನೆನಪಿರಬಹುದು, ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಬೆಳಗಿಂದ ರಾತ್ರಿವರೆಗೆ. ಚಿಕ್ಕ ವಯಸ್ಸಿನವರ ಹೆಸರು ಕೇಳಿ ಎದೆ ನಡುಗುತ್ತಿತ್ತು. ಸರ್ಕಾರ ತಜ್ಞರ ಸಮಿತಿ ಮಾಡಿತು. ಊರಿಗೆ ಊರೇ ಇಸಿಜಿ ಮಾಡಿಸಲು ಹೊರಟಿತು. ಒಂದು ರಾತ್ರಿ ನಿದ್ದೆ ಬರದೆ, ನಿಲ್ಲಿಸಿದ ಮಾತ್ರೆಯ ವಿಷಯ ಮಗನಿಗೆ ಹೇಳಿಬಿಟ್ಟೆ. ಅವನು ಬೈಯಲಿಲ್ಲ. ಬೆಳಗ್ಗೆ ಹೋಗೋಣ ಅಂದ, ಅಷ್ಟೇ.

ಮೈಸೂರಿನಲ್ಲಿ ಆ ವಾರ ಯಾವ ಹೃದಯದ ಆಸ್ಪತ್ರೆಗೆ ಹೋದರೂ ಜನ. ರಾತ್ರಿ ನೆಂಟರ ಮನೆಯಲ್ಲಿ ಮಲಗಿ, ಬೆಳಗಿನ ಜಾವ ನಾಲ್ಕೂವರೆಗೆ ಹೋಗಿ ಸಾಲಿನಲ್ಲಿ ನಿಂತೆವು. ಚೀಟಿ ಸಿಕ್ಕಿದ್ದು ಎಂಟೂವರೆಗೆ. ಡಾಕ್ಟರನ್ನು ಕಂಡದ್ದು ಮಧ್ಯಾಹ್ನ ಎರಡಕ್ಕೆ. ಸಾಲಿನಲ್ಲಿದ್ದ ಎಷ್ಟೋ ಜನ ಏನೂ ತೊಂದರೆ ಇಲ್ಲದೆ ಭಯಕ್ಕೆ ಬಂದವರು. ಅವರ ಭಯವೂ ಸುಳ್ಳಲ್ಲ. ಆದರೆ ಆಪರೇಷನ್ ಆದವರೂ ಅದೇ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದು ನೋಡಿ ಸಂಕಟವಾಯಿತು. ನಿಮ್ಮದು ಹಳೇ ಕೇಸ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ ಕೈಯಲ್ಲೇ ಹಿಡಿದಿರಿ, ಮರುಪರೀಕ್ಷೆಗೆ ಬೇರೆ ಕೌಂಟರ್ ಇದೆಯಾ ಅಂತ ಮೊದಲು ವಿಚಾರಿಸಿ. ನಾವು ಕೇಳದೆ ಎರಡು ಗಂಟೆ ತಪ್ಪು ಸಾಲಿನಲ್ಲಿ ನಿಂತಿದ್ದೆವು.

ರಿಪೋರ್ಟಿನಲ್ಲಿ ಎಲ್‌ಡಿಎಲ್ 139. ಐದು ವಾರ ಬಿಟ್ಟಿದ್ದಕ್ಕೆ ಮೊದಲಿನ ಜಾಗಕ್ಕೇ ಹತ್ತಿರ ಬಂದಿತ್ತು. ಕಷಾಯ ದಿನಾ ಕುಡಿದಿದ್ದೆ, ಪಥ್ಯ ಒಂದು ದಿನವೂ ತಪ್ಪಿಸಿರಲಿಲ್ಲ. ಆ ಕಾಗದ ನೋಡಿ ನಾಚಿಕೆಗಿಂತ ಭಯ ಜಾಸ್ತಿ ಆಯಿತು.

ಡಾಕ್ಟರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, "ನೋವು ಬಂದಾಗ ನನಗೆ ಯಾಕೆ ಹೇಳಲಿಲ್ಲ?" ಆಮೇಲೆ ಬ್ರಿಟನ್ನಿನಲ್ಲಿ ನಡೆದ ಒಂದು ಪರೀಕ್ಷೆಯ ಬಗ್ಗೆ ಹೇಳಿದರು. ತೊಂದರೆ ಆಗುತ್ತದೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧಿಯೇ ಇಲ್ಲದ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ, ಹೀಗೆ ಕೊಟ್ಟರಂತೆ. ಮಾತ್ರೆ ನುಂಗುವಾಗ ಆಗುತ್ತಿದ್ದ ತೊಂದರೆಯ ಶೇ 90ರಷ್ಟು, ಔಷಧಿಯಿಲ್ಲದ ಮಾತ್ರೆಯಲ್ಲೂ ಆಗುತ್ತಿತ್ತು. "ಹಾಗಂತ ನಿಮ್ಮ ನೋವು ಸುಳ್ಳು ಅಂತ ಹೇಳುತ್ತಿಲ್ಲ. ಕಾರಣ ಹುಡುಕೋಣ" ಅಂದರು. ಆ ಮಾತಿಗೆ ನಾನು ಅವರಿಗೆ ಯಾವತ್ತೂ ಋಣಿ.

ಸ್ನಾಯುವಿಗೆ ಪೆಟ್ಟಾಗಿದೆಯಾ ನೋಡಲು ಸಿಪಿಕೆ, ಲಿವರಿಗೆ ಒಂದು ಪರೀಕ್ಷೆ, ಮತ್ತೆ ಥೈರಾಯ್ಡ್. ಮೂರಕ್ಕೂ ಸೇರಿ 1,150 ರೂಪಾಯಿ. ಸಿಪಿಕೆ ಸರಿಯಿತ್ತು. ಲಿವರ್ ಸರಿಯಿತ್ತು. ಥೈರಾಯ್ಡಿನ ಟಿಎಸ್ಎಚ್ ಮಾತ್ರ 16.8. ನಾಲ್ಕೂವರೆ ಐದರೊಳಗೆ ಇರಬೇಕಾದದ್ದು. ಅದು ಏರಿದೆ ಅಂದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಅಂತ. ಹಾಗಾದಾಗ ಮೈಕೈ ನೋವು, ಸುಸ್ತು ಬರುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಟ್ರೈಗ್ಲಿಸರೈಡ್ ಕೂಡ ಏರಬಹುದು. ಆ ಸ್ಥಿತಿಯಲ್ಲಿ ಸ್ಟಾಟಿನ್ ತೆಗೆದುಕೊಂಡರೆ ಸ್ನಾಯು ನೋವು ಬರುವುದೂ ಹೆಚ್ಚು. ನನ್ನ ಎಲ್ಲಾ ಕಷ್ಟಕ್ಕೂ ಒಂದೇ ಬೇರು ಸಿಕ್ಕಿದಂತಾಯಿತು. ಇಷ್ಟು ತಿಂಗಳಲ್ಲಿ ಥೈರಾಯ್ಡ್ ನೋಡಿರಲೇ ಇಲ್ಲ. ಅಕ್ಕ ತಂಗಿಯರೇ, ಮಾತ್ರೆ ನುಂಗಿದರೂ ಎಲ್‌ಡಿಎಲ್ ಇಳಿಯದಿದ್ದರೆ, ಅಥವಾ ಮೈ ನೋಯುತ್ತಿದ್ದರೆ, ಥೈರಾಯ್ಡ್ ನೋಡಿದ್ದೀರಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ.

ಥೈರಾಯ್ಡಿಗೆ ಥೈರಾಕ್ಸಿನ್ ಅನ್ನುವ ಮಾತ್ರೆ, 25ರಿಂದ ಶುರು ಮಾಡಿದರು. ಹೃದಯದ ತೊಂದರೆ ಇದ್ದವರಿಗೆ ಇದನ್ನು ಒಮ್ಮೆಲೇ ಜಾಸ್ತಿ ಕೊಡುವುದಿಲ್ಲ. ಅಟೋರ್ವಾಸ್ಟಾಟಿನ್ ಬದಲು ರೋಸುವಾಸ್ಟಾಟಿನ್ 20 ಮತ್ತು ಎಜೆಟಿಮೈಬ್ 10 ಸೇರಿದ ಒಂದೇ ಮಾತ್ರೆ ಬರೆದರು. ಮನೆಗೆ ಬಂದ ಮೇಲೂ ನನಗೆ ಕೆಮಿಕಲ್ ಅನ್ನುವ ಅಳುಕು ಹೋಗಿರಲಿಲ್ಲ. ಮಗ ಓದಿ ಹೇಳಿದ. ಜಪಾನಿನ ಅಕಿರಾ ಎಂಡೋ ಅನ್ನುವ ವಿಜ್ಞಾನಿ 1970ರ ದಶಕದಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದದ್ದು ಒಂದು ಬೂಷ್ಟಿನಲ್ಲಂತೆ. ಸಾವಿರಾರು ಥರದ ಬೂಷ್ಟು ಪರೀಕ್ಷೆ ಮಾಡಿದ್ದರಂತೆ. ಒಬ್ಬ ಮನುಷ್ಯ ಅಷ್ಟು ವರ್ಷ ಕೂತು ಹುಡುಕಿದ್ದನ್ನು ನಾನು ಒಂದು ವಿಡಿಯೋ ನೋಡಿ ಬಿಟ್ಟಿದ್ದೆ.

ಆಗಸ್ಟಿನಲ್ಲಿ ಒಂದು ಸಣ್ಣ ಎಡವಟ್ಟು. ನಮ್ಮೂರಿನ ಒಂದು ಮೆಡಿಕಲ್ ಶಾಪಿನಲ್ಲಿ, "ಅಕ್ಕ, ಅದು ಸ್ಟಾಕ್ ಇಲ್ಲ, ಇದೂ ಅದೇ" ಅಂತ ಕೊಟ್ಟರು. ನೋಟ್‌ಬುಕ್ ಜೊತೆ ಹೋಲಿಸಿ ನೋಡಿದರೆ ರೋಸುವಾಸ್ಟಾಟಿನ್ 20ರ ಜಾಗದಲ್ಲಿ 10 ಇತ್ತು. ವಾಪಸ್ ಕೊಟ್ಟೆ. ಸ್ಟ್ರಿಪ್ ಮೇಲಿನ ಹೆಸರಷ್ಟೇ ಅಲ್ಲ, ಹೆಸರಿನ ಪಕ್ಕದ ಅಂಕಿಯನ್ನೂ ನೋಡಿ. ಹಾಗೆಯೇ ಗಂಟಲು ನೋವು, ಕೆಮ್ಮು ಅಂತ ಬೇರೆ ಡಾಕ್ಟರ ಹತ್ತಿರ ಹೋದಾಗ ನೀವು ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೋರಿಸಿ. ಕ್ಲಾರಿಥ್ರೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಅಟೋರ್ವಾಸ್ಟಾಟಿನ್ ಜೊತೆ ಸೇರಿದರೆ ಸ್ನಾಯುವಿಗೆ ತೊಂದರೆ ಆಗಬಹುದು.

ಸೆಪ್ಟೆಂಬರ್ ಪರೀಕ್ಷೆಯಲ್ಲಿ ಎಲ್‌ಡಿಎಲ್ 61. ಕೈಗೆ ಸಿಕ್ಕಿದಂತಿತ್ತು, ಸಿಕ್ಕಿರಲಿಲ್ಲ. ಮೈ ನೋವು ಅರ್ಧ ಕಡಿಮೆಯಾಗಿತ್ತು. ಈ ಸಲ ಡಾಕ್ಟರು ಲೈಪೊಪ್ರೋಟೀನ್ ಎ ಅನ್ನುವ ಪರೀಕ್ಷೆಯನ್ನೂ ಮಾಡಿಸಿದರು. 1,200 ರೂಪಾಯಿ. ಇದು ವಂಶದಿಂದ ಬರುವ ಇನ್ನೊಂದು ಬಗೆಯ ಕೊಲೆಸ್ಟ್ರಾಲ್ ಕಣ. ಜೀವನದಲ್ಲಿ ಒಮ್ಮೆ ನೋಡಿದರೆ ಸಾಕು, ಊಟ ನಡಿಗೆಯಿಂದ ಬದಲಾಗುವುದಿಲ್ಲ. 50ಕ್ಕಿಂತ ಹೆಚ್ಚಿದ್ದರೆ ಅಪಾಯ ಜಾಸ್ತಿ. ನನ್ನದು 84. ಅಣ್ಣನ ಮುಖ ಕಣ್ಣ ಮುಂದೆ ಬಂತು. ಇದನ್ನು ಇಳಿಸಲು ಈಗ ನನ್ನ ಕೈಯಲ್ಲಿ ಏನೂ ಇಲ್ಲ. ಅದಕ್ಕೇ ಎಲ್‌ಡಿಎಲ್ ಇನ್ನೂ ಬಿಗಿಯಾಗಿ ಇಡಬೇಕು ಅಂದರು.

ಮುಂದಿನ ದಾರಿ ಏನು ಅಂತ ಕೇಳಿದೆ. ಬೆಂಪೆಡೋಯಿಕ್ ಆ್ಯಸಿಡ್ ಅನ್ನುವ ಮಾತ್ರೆ ಸೇರಿಸಬಹುದು, ಯೂರಿಕ್ ಆ್ಯಸಿಡ್ ಏರುವುದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಇಂಜೆಕ್ಷನ್‌ಗಳಿವೆ. ಕೆಲವನ್ನು ಎರಡು ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕು. ಇನ್‌ಕ್ಲಿಸಿರಾನ್ ಅನ್ನುವುದು ಮೊದಲು ಒಂದು, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು. ಎಲ್‌ಡಿಎಲ್ ಅರ್ಧದಷ್ಟು ಇಳಿಯುತ್ತದೆ. ಬೆಲೆ ಕೇಳಿದೆ. ಒಂದಕ್ಕೇ ಲಕ್ಷ ದಾಟುತ್ತದೆ ಅಂದರು. ಅವತ್ತು ರಾತ್ರಿ ಮಲಗಿ ಲೆಕ್ಕ ಹಾಕಿದೆ, ನಾನೂರು ಬ್ಲೌಸ್ ಹೊಲಿದರೂ ಒಂದು ಇಂಜೆಕ್ಷನ್‌ಗೆ ಸಾಲದು. ಬಳೆ ಇಟ್ಟರೆ ಎಷ್ಟು ಬರಬಹುದು ಅಂತಲೂ ಯೋಚಿಸಿದೆ. ನಮ್ಮನೆಯವರು ಪಕ್ಕದಲ್ಲಿ ಎಚ್ಚರವಾಗಿಯೇ ಇದ್ದರು, ಇಬ್ಬರೂ ಮಾತಾಡಲಿಲ್ಲ.

ಆದರೆ ಡಾಕ್ಟರು ಆಗಲೇ ಇಂಜೆಕ್ಷನ್ ಬೇಡ ಅಂದಿದ್ದರು. ಯಾಕೆಂದರೆ ಟಿಎಸ್ಎಚ್ ಇನ್ನೂ 8.2 ಇತ್ತು. "ಥೈರಾಯ್ಡ್ ಮಾತ್ರೆ ಹೇಗೆ ತಗೋತೀರಮ್ಮ?" ಅಂತ ಕೇಳಿದರು. ಬೆಳಗ್ಗೆ ಎದ್ದ ಕೂಡಲೇ, ಕಾಫಿ ಜೊತೆ ಅಂದೆ. ತೊಂದರೆ ಅಲ್ಲೇ ಇತ್ತು. ಕಾಫಿ ಜೊತೆ ತೆಗೆದುಕೊಂಡರೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ನಾಲ್ಕು ಗಂಟೆ ದೂರ ಇಡಬೇಕು. ಹಾಸನದವಳಿಗೆ ಎದ್ದು ಒಂದು ಗಂಟೆ ಕಾಫಿ ಇಲ್ಲದೆ ಇರುವುದು ಸುಲಭವಲ್ಲ. ಆ ಹೊತ್ತಿಗೆ ಅಂಗಳ ಗುಡಿಸಿ ರಂಗೋಲಿ ಹಾಕುವುದು ಅಂತ ಮಾಡಿಕೊಂಡೆ. ಡೋಸ್ 50 ಮಾಡಿದರು. ಇನ್ನೆರಡು ತಿಂಗಳು ಕಾಯೋಣ, ಆಮೇಲೂ 55 ದಾಟಿದ್ದರೆ ಬೇರೆ ಮಾತ್ರೆ ಅಂದರು.

ಆ ಎರಡು ತಿಂಗಳು ಹೋಗಿದ್ದು ಬಹಳ ನಿಧಾನ. ಆದರೆ ಅಕ್ಟೋಬರ್ ಕೊನೆಗೆ ಒಂದು ದಿನ ಕೆರೆ ಏರಿ ಹತ್ತಿ ನಿಂತಾಗ, ಕಾಲು ನೋಯಲೇ ಇಲ್ಲ ಅನ್ನುವುದು ತಟ್ಟನೆ ಗಮನಕ್ಕೆ ಬಂತು. ಅದೇ ಸ್ಟಾಟಿನ್ ನುಂಗುತ್ತಲೇ ಇದ್ದೆ.

ಡಿಸೆಂಬರ್ ಎರಡನೇ ವಾರ ರಕ್ತ ಕೊಟ್ಟೆ. ಈ ಸಲ ತಿಂಡಿ ತಿಂದೇ ಹೋದೆ. ಲ್ಯಾಬಿನ ಹುಡುಗ, "ಆಂಟಿ, ಮೊಬೈಲಿಗೆ ಬರುತ್ತೆ" ಅಂದ. ಸಂಜೆ ಬಂತು. ಒಟ್ಟು 112, ಎಚ್‌ಡಿಎಲ್ 41, ಟ್ರೈಗ್ಲಿಸರೈಡ್ 110. ನಾನೇ ಲೆಕ್ಕ ಮಾಡಿದೆ. 112ರಲ್ಲಿ 41 ಹೋದರೆ 71, 85ಕ್ಕಿಂತ ಕೆಳಗೆ. ಅದರಲ್ಲಿ 22 ಹೋದರೆ 49. ಲ್ಯಾಬಿನವರು ಬರೆದದ್ದೂ 49. ಟಿಎಸ್ಎಚ್ 3.1.

ಖುಷಿಯ ಜೊತೆ ಇನ್ನೊಂದು ಅಂಜಿಕೆ ಬಂತು. ಇಷ್ಟು ಕಡಿಮೆ ಆದರೆ ಮೆದುಳಿಗೆ, ನರಕ್ಕೆ ತೊಂದರೆ ಆಗುವುದಿಲ್ವಾ ಅಂತ. ಹುಟ್ಟಿದ ಮಗುವಿನ ರಕ್ತದಲ್ಲಿ ಎಲ್‌ಡಿಎಲ್ 30ರ ಆಸುಪಾಸು ಇರುತ್ತದೆ, ಅದರ ಮೆದುಳು ಬೆಳೆಯುತ್ತಲೇ ಇರುತ್ತದೆ ಅಲ್ವಾ ಅಂದರು ಡಾಕ್ಟರು. ಮಾತ್ರೆ ಕಡಿಮೆ ಮಾಡೋಣವಾ ಅಂದದ್ದಕ್ಕೆ, 49 ಬಂದಿರುವುದೇ ಮಾತ್ರೆಯಿಂದ, ಬಿಟ್ಟರೆ ಜುಲೈನಲ್ಲಿ ಏನಾಯಿತು ನೆನಪಿದೆಯಲ್ಲ ಅಂದರು. ಬರುವ ಫೆಬ್ರವರಿಗೆ ಒಂದು ವರ್ಷ ತುಂಬುತ್ತದೆ. ರಕ್ತ ಹೆಪ್ಪುಗಟ್ಟದಿರಲು ಕೊಡುತ್ತಿರುವ ಎರಡರಲ್ಲಿ ಒಂದನ್ನು ಆಗ ನಿಲ್ಲಿಸಬಹುದಾ ಅಂತ ಅವರೇ ನೋಡಿ ಹೇಳುತ್ತಾರೆ. ಕೊಲೆಸ್ಟ್ರಾಲ್ ಮಾತ್ರೆ ಮಾತ್ರ ಹೀಗೇ ಮುಂದುವರಿಯುತ್ತದೆ.

ಹೊರಡುವಾಗ ಡಾಕ್ಟರು ಮಗನ ಕಡೆ ತಿರುಗಿ, ನಿನ್ನದು ನೋಡಿಸಿದ್ದೀಯಾ ಅಂತ ಕೇಳಿದರು. ಅವನಿಗೆ 26. ಸಣ್ಣಗಿದ್ದಾನೆ, ಬೀಡಿ ಸಿಗರೇಟಿನ ಚಟವಿಲ್ಲ. ಅವನ ಎಲ್‌ಡಿಎಲ್ 158, ಲೈಪೊಪ್ರೋಟೀನ್ ಎ 91 ಬಂತು. ಅವನಿಗೆ ಮಾತ್ರೆ ಬೇಕಾ, ಯಾವಾಗಿನಿಂದ ಅಂತ ತೀರ್ಮಾನ ಮಾಡಲು ಮೂರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಶಿಬಿರದ ಆ ಹಳೇ ಕಾಗದವನ್ನು ಸೀರೆ ಕೆಳಗಿಂದ ತೆಗೆದು ಫೈಲಿಗೆ ಹಾಕಿದ್ದೇನೆ. ಅವನ ರಿಪೋರ್ಟ್ ಅದರ ಮೇಲೇ ಇದೆ. ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಇಂಕಿನಲ್ಲಿ ಗುರುತು ಹಾಕಿದ್ದೇನೆ, ಈ ಸಲ ಅವನ ಜೊತೆ ನಾನು ಹೋಗುತ್ತೇನೆ.